ಎಲೆಯ ಮುಂದೆ ಮಾತಿಲ್ಲ

೧೮ ಜುಲೈ ೧೯೭೮, ಮಧ್ಯಾಹ್ನ

ಎರಡು ಕೊಡ ನೀರು ಸಿಕ್ಕಿತು. ಸ್ನಾನ, ಪೂಜೆ, ಊಟ ಆಯಿತು. ಚಾತುರ್ಮಾಸ್ಯ ಶುರು, ತರಕಾರಿ ಇಲ್ಲ. ಜೊತೆಗೆ ಈ ವರ್ಷ ನನ್ನದೊಂದು ಹೊಸ ನೇಮ — ಊಟ ಮುಗಿಯುವವರೆಗೆ ಮೌನ. ಮಾತಾಡಿದರೆ ಎಲೆ ಬಿಟ್ಟು ಏಳಬೇಕು. ಹೆಂಡತಿ ಜಯಲಕ್ಷ್ಮೀ ನಕ್ಕಳು. ನಗಲಿ. ರಿಟೈರಾಗುವವರೆಗೆ ಸೆಂಟ್ರಲ್ ಸ್ಟೇಷನ್ನಿನ ಎನ್‌ಕ್ವೈರಿ ಕಿಟಕಿಯಲ್ಲಿ ಕೂತವನು ನಾನು. ಜನ ಬಾಯಿ ತೆರೆಯುವ ಮೊದಲೇ ಪ್ಲಾಟ್‌ಫಾರಂ ನಂಬರು ಹೇಳಿ ಅಭ್ಯಾಸ. ಮನೆಯಲ್ಲೂ ಅದೇ ಕಥೆ ಎಂದು ಅವಳ ದೂರು.

೨೧ ಜುಲೈ

ಬೆಳಿಗ್ಗೆ ಕೌಸಲ್ಯಾ ಬಡಿಸುತ್ತಿದ್ದಳು. ತೊವ್ವೆ ಹಾಕಿ ಎದುರಿಗೇ ಕೂತಳು.

"ಅಪ್ಪಾ, ಈಗ ನೀವು ಮಾತಾಡೋ ಹಾಗಿಲ್ಲ. ಅದಕ್ಕೇ ಈಗ ಹೇಳ್ತೀನಿ, ಕೊಂಜ, ಒಂಚೂರು ಕೇಳಿ. ನಾನು ಮತ್ತೆ ಮದುವೆ ಆಗಬೇಕು ಅಂತಿದೀನಿ."

ಅಳಿಯ ತೀರಿಹೋಗಿ ನಾಲ್ಕು ವರ್ಷ. ನಮ್ಮ ವಂಶದಲ್ಲಿ ಯಾವ ಹೆಣ್ಣೂ ಹೀಗೆ... ಬಾಯಿಗೆ ಬಂದದ್ದನ್ನೆಲ್ಲ ಅನ್ನದ ಜೊತೆ ನುಂಗಿದೆ. ಕೈತೊಳೆದು ಬರುವಷ್ಟರಲ್ಲಿ ಮಗಳು ನುಂಗಂಬಾಕ್ಕಂ ಆಫೀಸಿಗೆ ಟ್ರೈನು ಹಿಡಿಯಲು ಓಡಿಯಾಗಿತ್ತು. ಜಾಣೆ. ಸಂಜೆ ಬಂದಾಗ ಕೋಪ ಅರ್ಧ ಆರಿತ್ತು. ಉಳಿದರ್ಧವನ್ನು ಜಯಲಕ್ಷ್ಮೀ ತಡೆದಳು, ಮಗಳು ಹೇಳುವುದು ಇನ್ನೂ ಮುಗಿದಿಲ್ಲ ಎಂದು.

೨೪ ಜುಲೈ

ಇವತ್ತು ಹುಡುಗನ ವಿಷಯ. ಪಂಢರಿನಾಥ. ಇನ್ಷೂರೆನ್ಸ್ ಆಫೀಸಿನಲ್ಲಿ ಇವಳ ಪಕ್ಕದ ಮೇಜು. ಹೆಂಡತಿ ತೀರಿಕೊಂಡಿದ್ದಾಳೆ. ಕಂಠ ಬಹಳ ಕೆಟ್ಟದಂತೆ, ಆದರೂ ಹಾಡುತ್ತಾನಂತೆ. ಅದನ್ನು ಹೇಳುವಾಗ ಕೌಸಲ್ಯಾ ಜೋರಾಗಿ ನಕ್ಕುಬಿಟ್ಟಳು. ಆ ನಗು ಈ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು. ಅವಳು ಏಳದಿರಲೆಂದು ಇನ್ನಷ್ಟು ಅನ್ನ ಹಾಕಿಸಿಕೊಂಡೆ. ಹಸಿವೇನೂ ಇರಲಿಲ್ಲ.

೩೦ ಜುಲೈ, ಏಕಾದಶಿ

ಎಲೆ ಇಲ್ಲ, ಮಾತೂ ಇಲ್ಲ. ಇಷ್ಟು ಉದ್ದದ ಉಪವಾಸ ಈ ಜನ್ಮದಲ್ಲಿ ಮಾಡಿಲ್ಲ. ಅವಳನ್ನು ಕರೆದು ಕೇಳಬಹುದಿತ್ತು. ಕೇಳಿದರೆ ಉತ್ತರವನ್ನೂ ನಾನೇ ಹೇಳಿಬಿಡುತ್ತೇನೆ ಎಂಬ ಹೆದರಿಕೆ.

೩೧ ಜುಲೈ, ದ್ವಾದಶಿ

ಬೆಳಿಗ್ಗೆ ಬೇಗ ಪಾರಣೆ. ಇವತ್ತು ಕೌಸಲ್ಯಾ ನಗಲಿಲ್ಲ. ನಿಮ್ಮ ಅಳಿಯ ಹೋದಾಗ ಎಲ್ಲರೂ ನನಗೆ ಸಮಾಧಾನ ಹೇಳಿದರು, ನಾನು ಹೇಳುವುದನ್ನು ಯಾರೂ ಕೇಳಲಿಲ್ಲ, ಪಂಢರಿನಾಥ ಕೇಳಿದರು ಎಂದಳು. ಆ ಎಲ್ಲರಲ್ಲಿ ನಾನೂ ಇದ್ದೆ.

"ಮದುವೆ ಅಂತೂ ಆಗ್ತೀನಪ್ಪಾ. ಒಂದೇ ಭಯ. ಆಮೇಲೆ ನನ್ನ ಕೈಯಿಂದ ಊಟ ಮಾಡ್ತೀರೋ ಇಲ್ವೋ."

ಬಾಯಿ ತೆರೆದೆ. ಮುಚ್ಚಿದೆ. ಬೆರಳಿಂದ ಎಲೆ ತಟ್ಟಿ ತೋರಿಸಿದೆ — ಇಲ್ಲಿ, ಇನ್ನೊಂದು ಸೌಟು. ಹಾಕಿದಳು. ಉಂಡೆ. ಮತ್ತೆ ತೋರಿಸಿದೆ. ಅಳುತ್ತ, ನಗುತ್ತ ಮತ್ತೆ ಹಾಕಿದಳು.

ಕೈತೊಳೆದು ಬಂದೆ. ಟ್ರೈನಿಗೆ ಓಡಿರಲಿಲ್ಲ, ಬಾಗಿಲಲ್ಲೇ ನಿಂತಿದ್ದಳು.

"ತರಕಾರಿ ಇಲ್ಲದ ಊಟ ಅವನಿಗೆ ನಡೀತದೇನಮ್ಮಾ?" ಎಂದೆ.

ಅಡುಗೆಮನೆಯಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದು. ಎಲೆಯ ಮುಂದೆ ಹೇಳು ಎಂದು ಮಗಳಿಗೆ ಕಲಿಸಿಕೊಟ್ಟವಳೇ ಜಯಲಕ್ಷ್ಮೀಯಂತೆ. ಇಬ್ಬರೂ ಸೇರಿ ನನ್ನನ್ನು ಚೆನ್ನಾಗಿ ಯಾಮಾರಿಸಿದ್ದಾರೆ. ಬಹಳ ಸಂತೋಷವಾಗಿದೆ.

೬ ಆಗಸ್ಟ್, ಭಾನುವಾರ, ಹನ್ನೊಂದು ಗಂಟೆ

ಪಂಢರಿನಾಥ ಬಂದಿದ್ದಾನೆ. ನನ್ನನ್ನು ನೋಡಿ ಬೆವರುತ್ತಿದ್ದಾನೆ. ಊಟಕ್ಕೆ ಕೂತರೆ ನಾನು ಮಾತಾಡುವುದಿಲ್ಲವೆಂದು ಅವನಿಗೆ ಹೇಳಬೇಡಿ ಎಂದಿದ್ದೇನೆ. ಅವನೇ ಮಾತಾಡಲಿ, ನಾನು ಕೇಳುತ್ತೇನೆ. ನನ್ನ ಪಕ್ಕದಲ್ಲೇ ಅವನ ಎಲೆ. ಕೌಸಲ್ಯಾ ಎರಡು ಸಲ ಕರೆದಳು. ಹಾಲ್‌ನಲ್ಲಿ ಹೆದರಿಕೆಗೋ ಏನೋ, ಮೆಲ್ಲಗೆ ಹಾಡಿಕೊಳ್ಳುತ್ತಿದ್ದಾನೆ. ಮಗಳು ಹೇಳಿದ್ದು ನಿಜ, ಬಹಳ ಕೆಟ್ಟ ಕಂಠ. ಆದರೂ ಕೇಳುತ್ತ ಕೂತಿದ್ದೇನೆ.