ಅವಸರಕ್ಕ ಎತ್ತಿದ ಹಾರ

ಕ್ರೋಯ್ಡನ್, ಲಂಡನ್, ೧೪-೩-೨೦೧೫

ತಮ್ಮ ಗುರುಶಿದ್ದಪ್ಪಗ ಅಣ್ಣನ ಆಶೀರ್ವಾದ. ಮನೀ ಮಂದಿನ್ನೆಲ್ಲಾ ಕೇಳೀನಂತ ಹೇಳು.

ನಿನ್ನೆ ಅಳಿಯ ನಿತೀಶ ತನ್ನ ಪಕ್ಷದ ಸಭಾಕ್ಕ ಕರಕೊಂಡು ಹೋಗಿದ್ದ. ಇಲ್ಲಿನ ಘಟಕಕ್ಕ ನಾಯಕರನ್ನ ಆರಿಸೋದಿತ್ತು, ನಾಲ್ಕು ಮಂದಿ ನಿಂತಿದ್ರು. ಬರಿಗೈಲೆ ಹೋಗಬಾರದಂತ ನಾನು ಈಸ್ಟ್ ಹ್ಯಾಮಿನ ನಮ್ಮ ದೇಶದವರ ಅಂಗಡಿಯಿಂದ ಚೆಂಡುಹೂವಿನ ಹಾರ ತರಿಸಿದ್ದೆ. ಒಬ್ಬ ವಕೀಲಗ ಎಲ್ಲಾರಕಿಂತ ಹೆಚ್ಚು ಮತ ಬಂದ್ವು. ನಾ ಹಾರ ಹಿಡಕೊಂಡು ಎದ್ದೇಬಿಟ್ಟೆ! ನಿತೀಶ ಅಂಗಿ ಜಗ್ಗಿ ಕೂಡ್ರಿಸಿದ. "ತಡೀರಿ ಮಾವಾರ, ಅರ್ಧಕ್ಕಿಂತ ಹೆಚ್ಚು ಬರಬೇಕ್ರಿ. ಎಲ್ಲಾರಕಿಂತ ಕಡಿಮಿ ಬಂದಾವರನ್ನ ಬಿಟ್ಟು ಮತ್ತ ಮತ ಹಾಕ್ತೀವಿ" ಅಂದ. ಮೂರನೇ ಸುತ್ತಿನಾಗ ಗೆದ್ದಾಕಿ ಬಸ್ ಓಡಸೋ ಹೆಣಮಗಳು, ಬರೇ ನಾಲ್ಕು ಮತದಿಂದ. ಸೋತ ವಕೀಲ ನಗಕೋತ ಬಂದು, ನನ್ನ ಕೈಯಾಗಿನ ಹಾರ ಇಸಕೊಂಡು, ತಾನೇ ಆಕಿ ಕೊರಳಿಗೆ ಹಾಕಿದ. ಇಂಥಾದ್ದು ಈ ಕಣ್ಣಿಲೆ ನೋಡಿದೆ ನೋಡಪಾ.

ಥಂಡಿಗೆ ಮೊಣಕಾಲು ಹಿಡದಾವ, ಬಿ.ಪಿ. ಗುಳಿಗಿ ತಪ್ಪಿಸಿಲ್ಲ.

ನಿನ್ನ ಪಕ್ಷದ ತಾಲೂಕ ಅಧ್ಯಕ್ಷಗಿರಿ ಏನಾತು? ಬೆಂಗಳೂರಿಂದ ಹೆಸರಿನ ಲಕೋಟಿ ಇನ್ನೂ ಬಂದಿಲ್ಲಂದ್ರ, ಒಮ್ಮೆ ಊರಾಗಿನ ನಿನ್ನ ಪಕ್ಷದ ಮಂದಿ ಮತಾನೂ ಕೇಳಿ ನೋಡೋ. ಕಾರ್ಡಿನಾಗ ಜಾಗಾ ಮುಗೀತು.

ನಿನ್ನ ಅಣ್ಣ