ದುರ್ಗಾಳ ಪ್ಲಮ್ ಜಾಮ್

ಸರಸ್ವತಿ ನಗರ, ದಾವಣಗೆರೆ
೬ ಜುಲೈ ೨೦೨೫, ಭಾನುವಾರ

ಚಿ. ಹನುಮೇಶನಿಗೆ,

ನಿನ್ನ ಅಕ್ಕ ಸುಧಾ ಮಾಡುವ ಆಶೀರ್ವಾದ. ನಾವು ಕ್ಷೇಮ ಎಂದು ಬರೆಯುವುದು ರೂಢಿ. ಹಾಗೆ ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಉಂಡುಕೊಂಡು, ಉಟ್ಟುಕೊಂಡು ಇದ್ದೇವೆ, ಅಷ್ಟೇ. ನಿನ್ನ ಮೂರು ಕಾಗದಗಳೂ ಬಂದಿವೆ. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ ನಿನ್ನ ಹೆಸರು ಬರೆದ ಮೇಲೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಜೈಲಿನಿಂದ ನೀನು ಎರಡು ಸಲ ಫೋನ್ ಮಾಡಿದ್ದೂ ಗೊತ್ತು. ಬೇಕೆಂದೇ ಎತ್ತಲಿಲ್ಲ. ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ನಿನ್ನ ಕೈಗೆ ಸೇರುವ ಮುಂಚೆ ಅಲ್ಲಿನವರು ಕಾಗದ ಒಡೆದು ಓದುತ್ತಾರಂತೆ. ಓದಲಿ.

ಮೊದಲು ನಿನ್ನ ಮಗಳ ಸಮಾಚಾರ. ಸಿಂಚನಾ ಐದನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ಹರಿಹರದ ಶಾಲೆಯಿಂದ ಟಿ.ಸಿ. ತರಿಸಿ ಇಲ್ಲೇ ಹತ್ತಿರದ ಶಾಲೆಗೆ ಸೇರಿಸಿದ್ದೇವೆ. ಗಣಿತದಲ್ಲಿ ಚುರುಕು. ಎತ್ತರ ಆಗಿದ್ದಾಳೆ; ಹೋದ ವರ್ಷದ ಲಂಗಗಳನ್ನೆಲ್ಲ ಬಿಚ್ಚಿ ಅಂಚು ಇಳಿಸಿ ಹೊಲಿದೆ. ನಿನ್ನ ಭಾವನಿಗೆ ಅವಳೆಂದರೆ ಪ್ರಾಣ. ಬಟ್ಟೆ ಅಂಗಡಿಯಿಂದ ಬರುವಾಗ ಅವಳಿಗೆಂದು ಏನಾದರೂ ತರದ ದಿನವಿಲ್ಲ. ಮಾತು ಮಾತ್ರ ಕಡಿಮೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಯಾರಾದರೂ ಬಾಗಿಲು ಜೋರಾಗಿ ಬಡಿದರೆ ಎದ್ದು ಅಡಿಗೆಮನೆಗೆ ಹೋಗಿ ನಿಲ್ಲುತ್ತಾಳೆ.

ಈಗ ಹೋದ ಭಾನುವಾರದ ವಿಷಯ. ಅದನ್ನು ಹೇಳದೆ ನಿನ್ನ ಕಾಗದಕ್ಕೆ ಉತ್ತರ ಬರೆಯಲಾರೆ.

ಬ್ಲೌಸಿನ ಲೈನಿಂಗ್ ಬಟ್ಟೆ ತರಲು ಮಂಡಿಪೇಟೆಗೆ ಹೋಗಿದ್ದೆ. ಸಿಂಚನಾಳೂ ಬಂದಿದ್ದಳು. ಅಲ್ಲಿ ಮೂಲೆಯಲ್ಲಿ ಹಣ್ಣಿನ ಗಾಡಿ ನಿಲ್ಲಿಸುವ ಖತೀಜಾಬೀ ಇದ್ದಾಳಲ್ಲ, ದುರ್ಗಾ ಹರಿಹರದಿಂದ ಬಂದಾಗಲೆಲ್ಲ ಅವಳ ಹತ್ತಿರವೇ ಹಣ್ಣು ಕೊಳ್ಳುತ್ತಿದ್ದಳು. ಆಕೆ ನನ್ನನ್ನು ನೋಡಿ ಕೂಗಿದಳು.

"ಯಾಕ ಅಕ್ಕಾ, ನಿಮ್ ಹರಿಹರದ ತಂಗಿ ಈ ಸಲ ಬರ್ಲೇ ಇಲ್ಲ? ಆಲೂಬುಖಾರ ಬಂದು ಹದಿನೈದು ದಿನ ಆತು. ಪೂರಾ ಹಣ್ಣು ಬ್ಯಾಡ, ನಾಕು ದೋರಗಾಯಿ ಬೆರಸು, ಜಾಮ್ ಗಟ್ಟಿ ಕೂಡ್ತೈತೆ ಅಂತ ಒಂದೊಂದೇ ಆರಿಸಿ ತಗಂತಿದ್ಲು."

ಗಾಡಿಯ ತುಂಬ ಪ್ಲಮ್ ಹಣ್ಣು. ಕೆಲವು ಕೆಂಪು, ಕೆಲವು ಕಪ್ಪಿಗೆ ತಿರುಗಿದ್ದವು. ನನಗಿಂತ ಮೊದಲು ಸಿಂಚನಾ ಮುಂದೆ ಹೋಗಿ, "ಅಮ್ಮ ತೀರ್ಕಂಡ್ಲು. ಎರಡು ಕೆ.ಜಿ. ಕೊಡ್ರಿ" ಎಂದಳು.

ಖತೀಜಾಬೀ ತಕ್ಕಡಿ ಕೆಳಗಿಟ್ಟು "ಯಾ ಅಲ್ಲಾ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ದುರ್ಗಾ ಆರಿಸುತ್ತಿದ್ದ ಹಾಗೆಯೇ ತಾನೂ ಒಂದೊಂದೇ ಆರಿಸಿ ಹಾಕಿದಳು.

ದುರ್ಗಾ ಈ ಜಾಮ್ ಮಾಡುವುದನ್ನು ಹೆಂಗಸರಿಗೆಂದು ನಡೆಸಿದ ಹತ್ತು ದಿನದ ತರಬೇತಿಯಲ್ಲಿ ಕಲಿತಿದ್ದಳು. ನೆನಪಿದೆಯಾ? ನಿಮ್ಮ ಮದುವೆಯಾದ ಮರುವರ್ಷ. ಒಮ್ಮೆ ನೀನು "ಇದು ರೊಟ್ಟಿ ತಿನ್ನೋ ಮನಿ, ಬ್ರೆಡ್ ತಿನ್ನೋರ ಮನಿ ಅಲ್ಲ" ಎಂದು ಅವಳ ಬಾಟಲಿಯನ್ನು ಮೋರಿಗೆ ಎಸೆದೆ. ನಾನು ಅಲ್ಲೇ ಇದ್ದೆ. ನಕ್ಕುಬಿಟ್ಟೆ. ಅವಳೂ ನಕ್ಕಳು. ಅವಳು ನಕ್ಕಿದ್ದು ಯಾಕೆ ಎಂದು ಈಗ ಅರ್ಥವಾಗುತ್ತದೆ.

ಮನೆಗೆ ಬಂದು ಸಿಂಚನಾ ಫ್ರಾಕಿನ ಮೇಲೆ ನನ್ನ ಹಳೇ ಟವಲು ಸುತ್ತಿಕೊಂಡಳು. ಈ ಹನ್ನೊಂದು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದು ಅವತ್ತೇ ಮೊದಲು. ಹಣ್ಣನ್ನು ನಾಕು ಹೋಳು ಮಾಡುತ್ತಾ ನಾನು ಸಿಪ್ಪೆ ಸುಲಿಯಲು ಹೋದರೆ ಕೈ ಹಿಡಿದಳು.

"ಸಿಪ್ಪೆ ತೆಗಿಬ್ಯಾಡ ಅತ್ತೆ. ಬಣ್ಣ ಇರೋದೇ ಅದ್ರಾಗೆ."

"ಸಕ್ಕರೆ ಈಗ್ಲೇ ಹಾಕ್ಲಾ?"

"ಬ್ಯಾಡ, ಹಣ್ಣು ಮೆತ್ತಗಾಗ್ಲಿ. ಮೊದ್ಲೇ ಹಾಕಿದ್ರೆ ಸಿಪ್ಪೆ ಚರ್ಮದಂಗ ಆಕ್ಕತಿ ಅಂತಿದ್ಲು ಅಮ್ಮ."

ಚಕ್ಕೆ, ಲವಂಗ, ಒಂದು ಚಕ್ರಮೊಗ್ಗು, ಜಜ್ಜಿದ ಒಣಶುಂಠಿ, ನಾಕು ಮೆಣಸು ಇಷ್ಟನ್ನೂ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಗೆ ಬಿಟ್ಟೆವು. ಹಣ್ಣು ಬೆಂದು ಒಡೆದ ಮೇಲೆ ಸಕ್ಕರೆ ಸುರಿದೆ. ಆಗ ಬಣ್ಣ ಬಂತು ನೋಡು, ನಿನ್ನ ಮನೆಯ ಅಡಿಗೆಮನೆ ಕಣ್ಣಿಗೆ ಕಟ್ಟಿತು. ವಾಸನೆ ಓಣಿಯವರೆಗೂ ಹೋಯಿತು. ಮಗು ಸೌಟು ಹಿಡಿದು ತಿರುಗಿಸುತ್ತಾ ಗುನುಗುತ್ತಿತ್ತು. ನನಗೆ ಒಂದು ಗಳಿಗೆ ಎಲ್ಲ ಸರಿಹೋಯಿತೇನೋ ಅನಿಸಿತು.

ಗಟ್ಟಿಯಾಗುತ್ತಾ ಬಂದಾಗ ಅದು ಕೊತಕೊತ ಎಂದು ಗುಳ್ಳೆ ಎಬ್ಬಿಸಿ ಸಿಡಿಯುತ್ತದೆ. "ನೀ ದೂರ ನಿಲ್ಲು" ಎಂದು ನಾನು ಸೌಟು ತಗೊಂಡೆ. ಒಂದು ಹನಿ ನನ್ನ ಅಂಗೈ ಹಿಂದೆ ಬಿತ್ತು. ಚುರ್ ಎಂದಿತು. ತಣ್ಣೀರಿನ ಕೆಳಗೆ ಹಿಡಿದೆ. ಉದ್ದಿನಕಾಳಿನಷ್ಟು ಬೊಬ್ಬೆ ಎದ್ದಿತ್ತು, ಅಷ್ಟೇ.

ಹನುಮೇಶ, ಆ ಕಾಳಿನಷ್ಟು ಬೊಬ್ಬೆಯನ್ನು ನೋಡುತ್ತಾ ನಾನು ನಲ್ಲಿಯ ಹತ್ತಿರವೇ ನಿಂತುಬಿಟ್ಟೆ. ಹೋದ ವರ್ಷ ಇದೇ ಜುಲೈನಲ್ಲಿ ದುರ್ಗಾ ಬಂದಾಗ ಅವಳ ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಬ್ಯಾಂಡೇಜ್ ಇತ್ತು. ಏನಾಯಿತು ಎಂದದ್ದಕ್ಕೆ "ಜಾಮ್ ಸಿಡೀತು ಅಕ್ಕಾ" ಎಂದಿದ್ದಳು. ನಾನು, "ಅಷ್ಟೂ ಜ್ಞಾನ ಇಲ್ಲೇನು, ನೋಡ್ಕಂಡು ಮಾಡ್ಬಾರ್ದಾ?" ಎಂದು ಬೈದಿದ್ದೆ.

ಸಿಂಚನಾ ನನ್ನ ಕೈ ನೋಡಿದಳು. ನಾನು ಏನೂ ಕೇಳದಿದ್ದರೂ ಹೇಳಿದಳು.

"ಜಾಮ್ ಸಿಡಿದ್ರೆ ಇಷ್ಟೇ ಆಗೋದು ಅತ್ತೆ."

"ಮತ್ತೆ ಅಮ್ಮಂಗೆ?"

"ಅಪ್ಪ ಕೈ ಹಿಡ್ದು ಪಾತ್ರೆಯೊಳಗ ಒತ್ತಿದ. ಫೋನ್‌ನಾಗ ಯಾರ ಹತ್ರ ನಗ್ತಿದ್ದಿ ಅಂತ."

"ಯಾರ ಹತ್ರ ಮಾತಾಡ್ತಿದ್ಲು?"

"ನಿನ್ ಹತ್ರಾನೇ, ಅತ್ತೆ."

ನನಗೆ ಆ ಫೋನು ನೆನಪಾಯಿತು. ಪಕ್ಕದ ಮನೆಯವರ ಮದುವೆಗೆ ನಾನು ಉಟ್ಟ ಸೀರೆಯ ನೆರಿಗೆ ಮಂಟಪದಲ್ಲೇ ಬಿಚ್ಚಿಕೊಂಡ ಕಥೆ ಹೇಳುತ್ತಿದ್ದೆ. ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಇದ್ದಕ್ಕಿದ್ದಂತೆ ಕಟ್ ಆಯಿತು. ನೆಟ್‌ವರ್ಕ್ ಹೋಯಿತು ಅಂದುಕೊಂಡು ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತೆ. ಮತ್ತೆ ಮಾಡಲಿಲ್ಲ.

ನಾವಿಬ್ಬರೂ ಹಾಗೇ ನಿಂತಿದ್ದರಿಂದ ಜಾಮ್ ತಳ ಹಿಡಿಯಿತು. ಸಿಂಚನಾಳೇ ಹೋಗಿ ಗ್ಯಾಸ್ ಆರಿಸಿದಳು. ಫ್ರಿಜ್ಜಿನಲ್ಲಿಟ್ಟ ತಟ್ಟೆ ತಂದು ಒಂದು ಹನಿ ಬಿಟ್ಟು, ಬೆರಳಿನಿಂದ ದೂಡಿ ನೋಡಿ, "ಸುಕ್ಕು ಬಂತು. ಆಗೈತೆ" ಎಂದಳು. ಹತ್ತು ವರ್ಷದ ಮಗು. ಅವಳ ಮುಖದಲ್ಲಿ ಅಳು ಇರಲಿಲ್ಲ. ಕುದಿಸಿ ಬಿಸಿಲಲ್ಲಿ ಒಣಗಿಸಿದ್ದ ಬಾಟಲಿಗಳಿಗೆ ತುಂಬಿದೆವು. ನಾಕು ಬಾಟಲಿಯಾಯಿತು. ಸ್ವಲ್ಪ ಸೀದ ವಾಸನೆ ಇದೆ, ಆದರೂ ಅವಳು ದಿನಾ ರೊಟ್ಟಿಗೆ ಹಚ್ಚಿಕೊಂಡು ಶಾಲೆಗೆ ಒಯ್ಯುತ್ತಾಳೆ. ಒಂದನ್ನು ಖತೀಜಾಬೀಗೆ ಕೊಟ್ಟು ಬಂದೆ. ಜೈಲಿನೊಳಗೆ ಇಂಥದ್ದನ್ನು ಬಿಡುವುದಿಲ್ಲವಂತೆ. ಬಿಡುವುದಾಗಿದ್ದರೂ ನಿನಗೆ ಕಳಿಸುತ್ತಿರಲಿಲ್ಲ.

ಇನ್ನು ನಿನ್ನ ಕಾಗದಕ್ಕೆ ಉತ್ತರ.

"ದುರ್ಗಾಗೆ ಆಗಾಗ ತಲೆಸುತ್ತು ಬರ್ತಿತ್ತು, ಬಚ್ಚಲಮನೇಲಿ ಜಾರಿ ಬಿದ್ದಿರಬೇಕು ಅಂತ ಒಂದು ಮಾತು ಹೇಳು ಅಕ್ಕ, ನೀನು ಹೇಳಿದರೆ ಕೋರ್ಟು ನಂಬುತ್ತದೆ" ಎಂದು ಮೂರೂ ಕಾಗದಗಳಲ್ಲಿ ಬರೆದಿದ್ದೀಯ. ಇಪ್ಪತ್ತೊಂದನೇ ತಾರೀಕು ನನ್ನ ಸಾಕ್ಷಿ. ನಿನ್ನ ಭಾವನೂ ಮೊದಲು ಅದನ್ನೇ ಅಂದರು. "ಹೋದೋಳು ಹೋದ್ಲು ಸುಧಾ. ಇವ್ನು ಹೊರಗ ಬಂದ್ರ ಹುಡುಗಿಗೆ ಅಪ್ಪ ಅಂತ ಒಬ್ನಾದ್ರೂ ಇರ್ತಾನ. ಯೋಚನೆ ಮಾಡು" ಎಂದರು. ನಾನು ಯೋಚನೆ ಮಾಡಿದೆ. ಹೇಳಿಬಿಡೋಣ ಎಂದು ನಿರ್ಧಾರವನ್ನೂ ಮಾಡಿದ್ದೆ, ಹನುಮೇಶ. ಡಾಕ್ಟರ ವರದಿಯಲ್ಲಿ ಕತ್ತಿನ ಮೇಲೆ ಬೆರಳಿನ ಗುರುತು ಇತ್ತು ಎಂದು ಬರೆದಿದ್ದರೂ, ಪೊಲೀಸಿನವರು ಏನು ಬೇಕಾದರೂ ಬರೆಸುತ್ತಾರೆ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಯಾಕೆಂದರೆ ನಿನಗಾಗಿ ಸುಳ್ಳು ಹೇಳುವುದು ನನಗೆ ಹೊಸದಲ್ಲ. ಅವ್ವ ಸತ್ತಾಗ ನಿನಗೆ ಆರು ವರ್ಷ, ನನಗೆ ಹದಿನಾಲ್ಕು. ಸೊಂಟದ ಮೇಲೆ ಹೊತ್ತು ತಿರುಗಿದ್ದೇನೆ. ನೀನು ಊಟ ಮಾಡದಿದ್ದರೆ ನಾನೂ ಮಾಡುತ್ತಿರಲಿಲ್ಲ. ಮಾರಪ್ಪ ಮಾವನ ಮಗನನ್ನು ನೀನು ಕಲ್ಲಿನಿಂದ ಹೊಡೆದು ಹಲ್ಲು ಮುರಿದಾಗ, ಅವನೇ ಮೆಟ್ಟಿಲ ಮೇಲೆ ಬಿದ್ದ ಎಂದು ಅಪ್ಪನ ಮುಂದೆ ಆಣೆ ಮಾಡಿದವಳು ನಾನು. ನಿನಗೆ ಬೆತ್ತದ ಏಟು ತಪ್ಪಿತು ಎಂದು ಆವತ್ತು ಖುಷಿಪಟ್ಟೆ. ತಾಯಿಯಿಲ್ಲದ ಕೂಸು, ಸಿಟ್ಟು ಜಾಸ್ತಿ, ದೊಡ್ಡವನಾದರೆ ಸರಿಹೋಗುತ್ತಾನೆ ಎಂದುಕೊಂಡೇ ಕಾಲ ಹಾಕಿದೆ.

ಭಾನುವಾರ ಸಾಯಂಕಾಲ ನಿನ್ನ ಭಾವ ಬಂದಾಗ ಎಲ್ಲ ಹೇಳಿದೆ. ಅವರು ಸಿಂಚನಾಳನ್ನು ಹತ್ತಿರ ಕೂರಿಸಿಕೊಂಡರು. ಅವಳು ಅವರನ್ನು ಕೇಳಿದ್ದು ಒಂದೇ ಮಾತು. "ಮಾಮಾ, ಅಪ್ಪ ಹೊರಗ ಬಂದ್ರೆ ನಾನು ಹರಿಹರಕ್ಕ ಹೋಗ್ಬೇಕಾ?"

ಅವರು ಎದ್ದು ಹೊರಗೆ ಹೋದರು. ಗೇಟಿಗೆ ಚಿಲಕ ಹಾಕಿದರು. ಒಳಗೆ ಬಂದು, "ನಾನಂದಿದ್ದು ಮರೆತುಬಿಡು. ನಿನಗ ಗೊತ್ತಿರೋದು ಹೇಳು" ಎಂದರು.

ಆದ್ದರಿಂದ ಹೇಳುತ್ತೇನೆ. ದುರ್ಗಾಗೆ ತಲೆಸುತ್ತು ಬಂದದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಅವಳ ಕೈ ಸುಟ್ಟದ್ದು ಹೇಗೆ ಎಂದು ಈಗ ಗೊತ್ತಾಗಿದೆ. ಮಗುವನ್ನು ಕೋರ್ಟಿನಲ್ಲಿ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ಸರ್ಕಾರಿ ವಕೀಲರನ್ನು ಕೇಳಿದೆ. ಜಡ್ಜ್ ಸಾಹೇಬರು ಕೋಣೆಯಲ್ಲಿ ಕೂರಿಸಿ ಮೆಲ್ಲಗೆ ಮಾತಾಡಿಸುತ್ತಾರೆ, ಹೆದರಬೇಡಿ ಎಂದರು. ಅಷ್ಟೂ ಆಗದಂತೆ ತಪ್ಪಿಸುವುದು ನಿನ್ನ ಕೈಯಲ್ಲಿದೆ. ನೀನೇ ಒಪ್ಪಿಕೊಂಡರೆ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಬದುಕಿನಲ್ಲಿ ಅವಳಿಗೆಂದು ಇದೊಂದನ್ನು ಮಾಡು.

ನಿನ್ನ ಮೇಲೆ ಪ್ರೀತಿ ಇಲ್ಲವಾ ಎಂದು ಕೇಳಿದ್ದೀಯ. ಇದೆ. ಮೊನ್ನೆ ಬಸ್ಸಿನಲ್ಲಿ ಹಿಂದಿನಿಂದ ನಿನ್ನಂಥ ಕುತ್ತಿಗೆ ಇದ್ದ ಒಬ್ಬನನ್ನು ನೋಡಿ ಎದೆ ಧಸಕ್ಕೆಂದಿತು. ಅಲ್ಲಿ ಹೊಟ್ಟೆ ತುಂಬಾ ಊಟ ಕೊಡುತ್ತಾರಾ, ಚಳಿಗೆ ಹೊದೆಯಲು ಏನಾದರೂ ಇದೆಯಾ ಎಂಬ ಚಿಂತೆ ಈಗಲೂ ಇದೆ. ಆದರೆ ಅದೇ ಪ್ರೀತಿಯಿಂದ ದುರ್ಗಾ ಸತ್ತಳು. ಅದನ್ನು ಇನ್ನು ನಿನಗೆ ಕೊಡಲಾರೆ. ಇರುವಷ್ಟೂ ನಿನ್ನ ಮಗಳಿಗೆ ಬೇಕು.

ಊಟ ಬಿಡಬೇಡ. ಮೈ ನೋಡಿಕೋ. ಹರಿಹರೇಶ್ವರ ನಿನಗೆ ಆಯುಷ್ಯ ಕೊಡಲಿ, ಮಾಡಿದ್ದನ್ನು ಬಾಯಿಬಿಟ್ಟು ಹೇಳುವಷ್ಟು ಎದೆಗಾರಿಕೆ ಕೊಡಲಿ ಎಂದು ಹರಸುತ್ತೇನೆ. ಬೇರೆ ಯಾವ ಆಶೀರ್ವಾದವೂ ಸದ್ಯಕ್ಕೆ ನನ್ನ ಬಾಯಲ್ಲಿ ಬರುತ್ತಿಲ್ಲ.

ಇಂತಿ,
ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಸುಧಾ

ತಾ.ಕ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ಎಲ್ಲವನ್ನೂ ನಿನ್ನೊಬ್ಬನ ಮೇಲೆ ಹೊರಿಸಿದಂತಾಗುತ್ತದೆ. ದುರ್ಗಾ ಸಾಯುವ ಮೂರು ದಿನ ಮುಂಚೆ, ಭೀಮನ ಅಮಾವಾಸ್ಯೆಯ ದಿನ, ಬಟ್ಟೆಯ ಬ್ಯಾಗು ಹಿಡಿದು ನನ್ನ ಮನೆಗೆ ಬಂದಿದ್ದಳು. ನಿನ್ನ ಭಾವ ಊರಲ್ಲಿರಲಿಲ್ಲ, ಅವರಿಗೂ ನಾನು ಹೇಳಿಲ್ಲ. ಅವಳ ಅವ್ವ ಕಾಟಮ್ಮ ತೀರಿಕೊಂಡ ಮೇಲೆ ಅವಳಿಗೆ ತವರು ಎಂದು ಇದ್ದದ್ದು ನನ್ನ ಮನೆಯೊಂದೇ. "ಸ್ವಲ್ಪ ದಿನ ಇಲ್ಲೇ ಇರ್ತೀನಿ ಅಕ್ಕಾ. ಅಲ್ಲಿಗೆ ಹೋದ್ರೆ ನಾನು ಉಳಿಯಂಗಿಲ್ಲ" ಎಂದಳು. ನಾನು ಏನಂದೆ ಗೊತ್ತಾ? "ಗಂಡನ ಪೂಜೆ ಮಾಡೋ ದಿನಾನೇ ಮನಿ ಬಿಟ್ಟು ಬಂದಿಯಲ್ಲ, ನೋಡಿದೋರು ಏನಂದಾರು? ಹೊಂದ್ಕಂಡು ಹೋಗು" ಎಂದೆ. ಊಟ ಹಾಕಿದೆ. ಕುಂಕುಮ ಕೊಟ್ಟೆ. ಬಸ್ ಸ್ಟ್ಯಾಂಡಿನವರೆಗೂ ಹೋಗಿ ಹರಿಹರದ ಬಸ್ಸು ಹತ್ತಿಸಿ ಬಂದೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ಇದನ್ನೂ ಇಪ್ಪತ್ತೊಂದರಂದು ಕೋರ್ಟಿನಲ್ಲಿ ಹೇಳುತ್ತೇನೆ. ಆವತ್ತು ಸಿಂಚನಾ ಜೊತೆಯಲ್ಲೇ ಇದ್ದಳು. ಕಿಟಕಿ ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿದವಳೂ ನಾನೇ. ಇಷ್ಟು ದಿನ ನನ್ನ ಕೈಯಿಂದಲೇ ಉಣ್ಣುತ್ತಿದ್ದಾಳೆ. ಅದರ ಬಗ್ಗೆ ನನ್ನನ್ನು ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ.