ಎಂಟು ಹೆಜ್ಜೆಯ ಕೋಣೆ

ಜುಲೈ ೮
ಇವತ್ತು ಹನ್ನೊಂದು ಜನಕ್ಕೆ ಹನಿ ಹಾಕಿದೆ. ಯಾರ ಬಾಟಲಿಯಲ್ಲಿ ವಿಟಮಿನ್ ಡಿ, ಯಾರದ್ದರಲ್ಲಿ ಬರೀ ಎಣ್ಣೆ — ನನಗೂ ಗೊತ್ತಿಲ್ಲ, ಡಾಕ್ಟರ್ ಮ್ಬರೂಕ್‌ಗೂ ಗೊತ್ತಿಲ್ಲ. ಹನಿಯ ಜೊತೆ ನಡಿಗೆಯೂ ಸೇರಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆಯೇ ಎಂಬುದೇ ಅಧ್ಯಯನ. ಜಾಂಜಿಬಾರ್‌ನಲ್ಲಿ ಬಿಸಿಲಿಗೇನು ಬರ... ಆದರೂ ಮೈತುಂಬ ಹೊದ್ದು ಓಡಾಡುವ ನಮ್ಮ ಹೆಂಗಸರ ರಕ್ತದಲ್ಲಿ ಡಿ ಇಲ್ಲ.

ಗುಂಪಿನಲ್ಲಿರುವ ಬಿ ತಾತು ಅವರ ಕೈಗಡಿಯಾರದಲ್ಲಿ ಹೆಜ್ಜೆ ಎಣಿಕೆ ಮಾತ್ರ ಸೊನ್ನೆ. ಗಂಡ ತೀರಿಕೊಂಡ ಮೇಲೆ ‘ಇದ್ದಾ’ ಹಿಡಿದಿದ್ದಾರೆ, ವಿಧವೆಯರ ಶೋಕದ ಕಾಲ. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ. ಸೊನ್ನೆಯೇ ಮುಂದುವರಿದರೆ ಪಟ್ಟಿಯಿಂದ ಕೈಬಿಡುತ್ತಾರೆ. ಸಕ್ಕರೆ ಕಾಯಿಲೆಯ ಉಚಿತ ಮಾತ್ರೆಯೂ ನಿಲ್ಲುತ್ತದೆ. ಅದನ್ನೇ ಹೇಳಲು ಅವರಿಗೆ ಫೋನ್ ಮಾಡಿದೆ.

“ಮನೆಯೊಳಗೇ ನಡೀರಿ. ಗೋಡೆಯಿಂದ ಗೋಡೆಗೆ.”

“ನನ್ ಕೋಣೆ ಇರೋದೇ ಎಂಟು ಹೆಜ್ಜೆ, ರಯಾ. ಗಾಣದ ಒಂಟೆ ಮಾಡ್ತೀಯೇನೇ ನನ್ನ?”

ಇಬ್ಬರೂ ನಕ್ಕೆವು.

ಜುಲೈ ೨೨
ಬಿ ತಾತು ಅವರದ್ದು ಆರು ಸಾವಿರದ ಇನ್ನೂರು ಹೆಜ್ಜೆ. ದಿನವೂ! ಗುಂಪಿನಲ್ಲೇ ಮೊದಲು. ಎಣಿಕೆ ನೇರ ನನ್ನ ಫೋನಿಗೇ ಬರುತ್ತದೆ, ಮನೆಗೆ ಹೋಗುವ ಕೆಲಸವಿಲ್ಲ. ಬಾಯಿತುಂಬ ಹೊಗಳಿದೆ. ಹನಿಯ ಬಾಟಲಿ ಅವರ ಸೊಸೆಯ ಕೈಲಿ ಕಳಿಸಿದೆ.

ಆಗಸ್ಟ್ ೧೩
ಬೆಳಿಗ್ಗೆ ಆ ಸೊಸೆಯೇ ಬಂದಳು. “ಅತ್ತೆ ಕೋಣೇಲಿ ವಾಸನೆ ಬರ್ತಿದೆ. ಕಾಲು ತೋರ್ಸಿ ಅಂದ್ರೆ ಬೈತಾರೆ.”

ಓಡಿದೆ. ನಡಿಗೆಗೆಂದು ನಾವು ಕೊಟ್ಟ ಶೂ ಹೊಸಿಲ ಹೊರಗಿತ್ತು, ಹೊಸದಾಗಿಯೇ. ನಮ್ಮಲ್ಲಿ ಮನೆಯೊಳಗೆ ಯಾರು ಮೆಟ್ಟುತ್ತಾರೆ? ನಾನೂ ಚಪ್ಪಲಿ ಬಿಟ್ಟೇ ಒಳಗೆ ಹೋದೆ. ಒರಟು ಸಿಮೆಂಟು ನೆಲ. ಬಿ ತಾತು ಅವರ ಎಡಗಾಲಿನ ಹೆಬ್ಬೆರಳ ಕೆಳಗೆ ಹುಣ್ಣು — ಮೂಳೆ ಕಾಣುವಷ್ಟು. ಸಕ್ಕರೆ ಕಾಯಿಲೆಯ ಕಾಲಿಗೆ ನೋವು ತಿಳಿಯುವುದಿಲ್ಲ. ಎಲ್ಲರಿಗೂ ಪಾಠ ಹೇಳುವವಳು ನಾನು. ಒಳಗೂ ಶೂ ಹಾಕಿಕೊಳ್ಳಿ ಎನ್ನಲು ಮರೆತೆ. ನನ್ನ ಮೇಲೆ ನನಗೇ ಅಸಹ್ಯ.

ಆಗಸ್ಟ್ ೧೫, ಸಂಜೆ ೪. ಆಸ್ಪತ್ರೆ
ನಾಳೆ ಬೆರಳು ತೆಗೆಯುತ್ತಾರೆ. ಪಾದ ಉಳಿದರೆ ಪುಣ್ಯ.

ಡಾಕ್ಟರ್ ಮ್ಬರೂಕ್ ವರದಿ ಕೇಳಿದ್ದಾರೆ. ನಮೂನೆಯಲ್ಲಿ ಒಂದು ಪ್ರಶ್ನೆ: ಗಾಯ ಅಧ್ಯಯನದಿಂದ ಆದದ್ದೇ? ಎದುರಿಗೆ ಎರಡು ಚೌಕ: ಹೌದು, ಇಲ್ಲ. ಹೌದು ಎಂದರೆ ನನ್ನ ಕೆಲಸ ಹೋಗುತ್ತದೆ. ಇದನ್ನು ಬಿ ತಾತು ಅವರಿಗೂ ಯಾರೋ ಹೇಳಿದ್ದಾರೆ.

“ಎಡವಿ ಬಿದ್ಲು ಅಂತ ಬರ್ಕೋ ಮಗಳೇ. ನಿನ್ ಹೆಸ್ರು ಯಾಕೆ ಕೆಡ್ಬೇಕು?” ಬ್ಯಾಂಡೇಜು ಸುತ್ತಿದ ಕಾಲನ್ನು ನೋಡಿಕೊಂಡರು. “ಬೆರಳು ತೆಗೆದ್ಮೇಲೆ ಎಷ್ಟು ದಿನಕ್ಕೆ ನಡೀಬಹುದು? ಸೊನ್ನೆ ಬಂದ್ರೆ ಕೈಬಿಡ್ತಾರಲ್ಲ.”

ಹೊರಗೆ ಬಂದು ಅತ್ತುಬಿಟ್ಟೆ.

ಹೌದು ಎಂಬಲ್ಲಿ ಗುರುತು ಹಾಕಿದ್ದೇನೆ. ಕಾರಣಕ್ಕೆ ಎರಡು ಸಾಲು ಜಾಗ ಬಿಟ್ಟಿದ್ದಾರೆ. ಏನು ಬರೆದರೂ ಕೊನೆಗೆ ನನ್ನ ಹೆಸರಿಗೇ ಬಂದು ನಿಲ್ಲುತ್ತದೆ. ಅದನ್ನೇ ಬರೆಯುತ್ತೇನೆ. ಶೂ ಇಲ್ಲದೆ ನಡೆಯಲು ಬಿಟ್ಟವಳು ಅಧ್ಯಯನದ ನರ್ಸ್, ರಯಾ...